ಯಾರು ಕೆಡಿಸಿದರು? ಎಲ್ಲಿ ಕೆಟ್ಟಿದೆ?



ಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಆಟದ ರೈಲು ಬಂದೇ ಬರುತ್ತದೆ. ಜಾತ್ರೆಯಲ್ಲಿ ಕೊಂಡದ್ದೋ, ಹುಟ್ಟುಹಬ್ಬಕ್ಕೆ ಸೋದರಮಾವ ಹೈದರಾಬಾದಿನಿಂದ ತಂದದ್ದೋ, ಅಂತೂ ಒಂದು ಎಂಜಿನ್, ಎರಡು ಮೂರು ಡಬ್ಬಿ, ದುಂಡಗೆ ಜೋಡಿಸುವ ಹಳಿ. ಮೊದಲ ವಾರ ಮನೆಯೆಲ್ಲ ಅದರದೇ ಸದ್ದು. ಆಮೇಲೆ ಒಂದು ದಿನ ಸ್ವಿಚ್ಚು ಒತ್ತಿದರೂ ರೈಲು ಕದಲುವುದಿಲ್ಲ. ಮಗು ಅಳುಮುಖ ಮಾಡಿಕೊಂಡು ಅದನ್ನು ನಿಮ್ಮ ಕೈಗೆ ತಂದು ಕೊಡುತ್ತದೆ. ಆಗ ನಿಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು?

ಹೆಚ್ಚಿನ ಮನೆಗಳಲ್ಲಿ ಅದು ಒಂದೇ. ಭಾಲ್ಕಿಯ ಕಡೆಯ ಮಾತಿನಲ್ಲಿ ಹೇಳುವುದಾದರೆ, "ಯಾರು ಕೆಡಿಸೀರಿ ಇದನ್ನ?" ಕನ್ನಡದಲ್ಲಿ ಕೇಳಲಿ, ಮರಾಠಿಯಲ್ಲಿ ಕೇಳಲಿ, ಉರ್ದುವಿನಲ್ಲಿ ಕೇಳಲಿ, ಪ್ರಶ್ನೆ ಅದೇ. ಅಣ್ಣ ತಮ್ಮನ ಕಡೆ ಬೆರಳು ತೋರಿಸುತ್ತಾನೆ. ತಮ್ಮ ಪಕ್ಕದ ಮನೆಯ ಹುಡುಗಿಯ ಹೆಸರು ಹೇಳುತ್ತಾನೆ. ಐದು ನಿಮಿಷದಲ್ಲಿ ಒಬ್ಬನಿಗೆ ಏಟು, ಇನ್ನೊಬ್ಬನಿಗೆ ಬೈಗುಳ. ಇಷ್ಟೆಲ್ಲ ಆದ ಮೇಲೂ ರೈಲು ನಿಂತಲ್ಲೇ ನಿಂತಿರುತ್ತದೆ.

ಇದೇ ಜಾಗದಲ್ಲಿ ಕೇಳಬಹುದಾದ ಇನ್ನೊಂದು ಪ್ರಶ್ನೆ ಇದೆ: "ಎಲ್ಲಿ ಕೆಟ್ಟದ ಇದು?" ಒಂದೇ ಒಂದು ಪದದ ವ್ಯತ್ಯಾಸ. 'ಯಾರು' ಎಂಬಲ್ಲಿ 'ಎಲ್ಲಿ' ಎಂದು ಬಂದಿದೆ, ಅಷ್ಟೇ. ಆದರೆ ಈ ಎರಡು ಪ್ರಶ್ನೆಗಳಲ್ಲಿ ಯಾವುದನ್ನು ಮೊದಲು ಕೇಳುತ್ತೇವೆ ಎಂಬುದರ ಮೇಲೆ ಒಂದು ಮನೆಯ ಮಕ್ಕಳು ಸತ್ಯ ಹೇಳಲು ಕಲಿಯುತ್ತಾರೋ ಮುಚ್ಚಿಡಲು ಕಲಿಯುತ್ತಾರೋ ಎಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಬೀದರ್ ಮತ್ತು ಭಾಲ್ಕಿಯ ಮಕ್ಕಳಿಗೆ ರೈಲು ಹೊಸತಲ್ಲ. ನಿಜಾಮರ ಕಾಲದಲ್ಲಿ ಹಾಕಿದ ವಿಕಾರಾಬಾದ್–ಪರಳಿ ವೈಜನಾಥ ಮಾರ್ಗ ಈ ಎರಡೂ ಊರುಗಳನ್ನು ಹಾದುಹೋಗುತ್ತದೆ. 2017ರ ಅಕ್ಟೋಬರ್ 29ರಂದು ಬೀದರ್–ಕಲಬುರಗಿ ನಡುವಿನ ಸುಮಾರು 110 ಕಿಲೋಮೀಟರ್ ಉದ್ದದ ಹೊಸ ಮಾರ್ಗವೂ ಉದ್ಘಾಟನೆಯಾಯಿತು. ಔರಾದ್ ಪಟ್ಟಣಕ್ಕೆ ಮಾತ್ರ ರೈಲು ಇನ್ನೂ ಬಂದಿಲ್ಲ. ಅಲ್ಲಿನ ಎಷ್ಟೋ ಮಕ್ಕಳು ರೈಲನ್ನು ಮೊದಲು ಮುಟ್ಟಿ ನೋಡುವುದು ಆಟಿಕೆಯಾಗಿಯೇ. ನಮ್ಮ ದೊಡ್ಡ ರೈಲಿನ ಎರಡು ಹಳಿಗಳ ನಡುವಿನ ಅಂತರ 1,676 ಮಿಲಿಮೀಟರ್. ವಿದ್ಯುತ್ತಿನಿಂದ ಓಡುವ ಸಾಮಾನ್ಯ ಅಳತೆಯ ಮಾದರಿ ರೈಲಿನಲ್ಲಿ ಅದು 16.5 ಮಿಲಿಮೀಟರ್. ಅಂದರೆ ಹೆಚ್ಚುಕಡಿಮೆ ನೂರರಲ್ಲಿ ಒಂದು ಪಾಲು. ಗಾತ್ರದಲ್ಲಿ ನೂರನೆಯ ಪಾಲಾದರೂ, ಕೆಟ್ಟು ನಿಂತಾಗ ಅದು ನಮ್ಮಿಂದ ಕೇಳುವ ತಾಳ್ಮೆ ಏನೂ ಕಡಿಮೆಯಲ್ಲ.

ಮೊದಲು ಜಾತ್ರೆಯ ರೈಲನ್ನೇ ತೆಗೆದುಕೊಳ್ಳಿ. ಇದರ ಹಳಿ ಬರೀ ಪ್ಲಾಸ್ಟಿಕ್. ಶಕ್ತಿಯೆಲ್ಲ ಎಂಜಿನ್ನಿನ ಹೊಟ್ಟೆಯಲ್ಲಿರುವ ಸೆಲ್ಲಿನಲ್ಲಿ. ಒಂದು ಸೆಲ್ಲು ಅಂದರೆ 1.5 ವೋಲ್ಟ್. ಅಲ್ಲಿಂದ ವಿದ್ಯುತ್ತು ಒಂದು ಸ್ಪ್ರಿಂಗು ಅಥವಾ ತಗಡಿನ ಮೂಲಕ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಮೋಟಾರಿಗೆ ಹೋಗುತ್ತದೆ. ಮೋಟಾರು ಹಲ್ಲುಚಕ್ರವನ್ನು, ಹಲ್ಲುಚಕ್ರ ಗಾಲಿಯನ್ನು ತಿರುಗಿಸುತ್ತದೆ. ಇದೊಂದು ಸರಪಳಿ. ಇದರ ಯಾವ ಕೊಂಡಿ ಕಳಚಿದರೂ ಕಣ್ಣಿಗೆ ಕಾಣುವಂತೆ ನಿಲ್ಲುವುದು ಗಾಲಿ ಒಂದೇ. ಹಾಗಾಗಿ "ಎಂಜಿನ್ ಕೆಟ್ಟಿದೆ" ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ತೆರೆದು ನೋಡಿದರೆ ಸೆಲ್ಲು ತಲೆಕೆಳಗಾಗಿರಬಹುದು. ಹಳೆಯ ಸೆಲ್ಲಿನ ಜೊತೆ ಹೊಸದನ್ನು ಹಾಕಿರಬಹುದು. ಸೆಲ್ಲು ಸೋರಿ ಸ್ಪ್ರಿಂಗಿನ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿಕೊಂಡಿರಬಹುದು. (ಈ ಪುಡಿ ಚರ್ಮಕ್ಕೂ ಕಣ್ಣಿಗೂ ಒಳ್ಳೆಯದಲ್ಲ; ಮಕ್ಕಳ ಕೈಗೆ ಕೊಡದೆ ನೀವೇ ಒರೆಸಿ ಕೈ ತೊಳೆದುಕೊಳ್ಳಿ.) ಅಕ್ಕನ ತಲೆಗೂದಲು ಒಂದೆಳೆ ಗಾಲಿಯ ಅಚ್ಚಿಗೆ ಸುತ್ತಿಕೊಂಡಿರಬಹುದು, ಆಟದ ರೈಲುಗಳನ್ನು ನಿಲ್ಲಿಸುವುದರಲ್ಲಿ ಕೂದಲು ಮತ್ತು ಜಮಖಾನೆಯ ನೂಲಿಗೆ ದೊಡ್ಡ ಹೆಸರಿದೆ. ಇವೆಲ್ಲ ನೋಡಿ ಆದ ಮೇಲೆಯೇ ಮೋಟಾರನ್ನು ಅನುಮಾನಿಸಬೇಕು.

ಇನ್ನು ಎರಡನೆಯ ಬಗೆಯ ರೈಲು. ಇದರಲ್ಲಿ ವಿದ್ಯುತ್ತು ಹಳಿಯಲ್ಲೇ ಹರಿಯುತ್ತದೆ. ಗೋಡೆಯ 230 ವೋಲ್ಟನ್ನು ಒಂದು ಪೆಟ್ಟಿಗೆ ಸುಮಾರು 12 ವೋಲ್ಟಿಗೆ ಇಳಿಸಿ, ಏಕಮುಖವಾಗಿಸಿ, ಒಂದು ಧ್ರುವವನ್ನು ಎಡ ಹಳಿಗೂ ಇನ್ನೊಂದನ್ನು ಬಲ ಹಳಿಗೂ ಕೊಡುತ್ತದೆ. ಎಂಜಿನ್ನಿನ ಲೋಹದ ಗಾಲಿಗಳು ಆ ಎರಡನ್ನೂ ಎತ್ತಿಕೊಂಡು ಮೋಟಾರಿಗೆ ಮುಟ್ಟಿಸುತ್ತವೆ. ಧ್ರುವಗಳನ್ನು ಅದಲುಬದಲು ಮಾಡಿದರೆ ರೈಲು ಹಿಂದಕ್ಕೆ ಓಡುತ್ತದೆ. ಇಂಥ ರೈಲು ನಿಂತರೆ ಕಾರಣ ಪೆಟ್ಟಿಗೆಯಲ್ಲಿರಬಹುದು, ತಂತಿಯಲ್ಲಿರಬಹುದು, ಹಳಿಗಳನ್ನು ಜೋಡಿಸುವ ಪುಟ್ಟ ಲೋಹದ ಹಿಡಿಕೆಗಳಲ್ಲಿರಬಹುದು, ಹಳಿಯ ಮೇಲಿನ ಕೊಳೆಯಲ್ಲಿರಬಹುದು, ಗಾಲಿಯಲ್ಲಿರಬಹುದು, ಮೋಟಾರಿನಲ್ಲಿರಬಹುದು. ಎರಡು ಹಳಿಗಳ ಮೇಲೆ ಅಡ್ಡ ಬಿದ್ದ ಒಂದು ರೂಪಾಯಿಯ ನಾಣ್ಯ ಕೂಡ ಇಡೀ ರೈಲನ್ನು ನಿಲ್ಲಿಸಬಲ್ಲದು.

ಇಷ್ಟೊಂದು ಅನುಮಾನಗಳ ನಡುವೆ ನಿಜವಾದ ಕಾರಣವನ್ನು ಹಿಡಿಯುವುದು ಹೇಗೆ? ತಿಳಿದವರು ಹೀಗೆ ಮಾಡುತ್ತಾರೆ. ಮೊದಲು ಎಂಜಿನ್ನನ್ನು ಹಳಿಯಿಂದ ಎತ್ತಿ, ಪೆಟ್ಟಿಗೆಯಿಂದ ಬರುವ ಎರಡು ತಂತಿಗಳನ್ನು ನೇರವಾಗಿ ಅದರ ಗಾಲಿಗಳಿಗೆ ಮುಟ್ಟಿಸುತ್ತಾರೆ. ಗಾಲಿ ತಿರುಗಿತೋ, ಎಂಜಿನ್ ನಿರ್ದೋಷಿ, ಪೆಟ್ಟಿಗೆಯೂ ನಿರ್ದೋಷಿ. ಉಳಿದದ್ದು ಹಳಿ. ಹಳಿಯ ತುಂಡುಗಳು 16 ಇವೆ ಎಂದುಕೊಳ್ಳಿ. ಅವನ್ನು ಉದ್ದಕ್ಕೆ ಸಾಲಾಗಿ ಜೋಡಿಸಿ, ಒಂದು ತುದಿಗೆ ವಿದ್ಯುತ್ತು ಕೊಟ್ಟು, ಸರಿಯಾಗಿ ನಡುವೆ ಒಂದು ಸಣ್ಣ ಬಲ್ಬು ಮುಟ್ಟಿಸಿ ನೋಡುತ್ತಾರೆ. ಉರಿದರೆ ಅಲ್ಲಿಯವರೆಗಿನ 8 ತುಂಡು ಸರಿ. ಉರಿಯದಿದ್ದರೆ ದೋಷ ಅವುಗಳಲ್ಲೇ. ಆಮೇಲೆ 4, ಆಮೇಲೆ 2, ಆಮೇಲೆ 1. ನಾಲ್ಕು ಸಲ ನೋಡುವಷ್ಟರಲ್ಲಿ ಹದಿನಾರರಲ್ಲಿ ಕೆಟ್ಟದ್ದು ಯಾವುದೆಂದು ಗೊತ್ತಾಗುತ್ತದೆ. (230 ವೋಲ್ಟಿನ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಮನೆಯಲ್ಲಿ ಬಿಚ್ಚಬೇಡಿ.)

ಓದುಗರೇ, ಈ ಕೆಲಸದ ರೀತಿಯನ್ನು ಗಮನಿಸಿ. ಇಲ್ಲಿ ಪ್ರತಿಯೊಂದು ಪರೀಕ್ಷೆಯೂ ಯಾರನ್ನೋ ಬಿಡುಗಡೆ ಮಾಡುತ್ತದೆ. ತಂತಿ ಮುಟ್ಟಿಸಿದಾಗ ಎಂಜಿನ್ ಬಿಡುಗಡೆಯಾಯಿತು. ಬಲ್ಬು ಉರಿದಾಗ ಎಂಟು ತುಂಡುಗಳು ಬಿಡುಗಡೆಯಾದವು. ನಾವು ಮನೆಯಲ್ಲಿ ನಡೆಸುವ ವಿಚಾರಣೆ ಹೀಗಿರುತ್ತದೆಯೇ? ನಮ್ಮದು ಸಾಮಾನ್ಯವಾಗಿ ಇದಕ್ಕೆ ತೀರ ವಿರುದ್ಧ. ಮೊದಲೇ ಒಬ್ಬನನ್ನು ಹಿಡಿದುಕೊಂಡು, ಆಮೇಲೆ ಅವನ ಮೇಲೆ ಸಾಕ್ಷಿ ಹುಡುಕುತ್ತೇವೆ. ಯಾವಾಗಲೂ ಏನನ್ನಾದರೂ ಬೀಳಿಸುವ ಹುಡುಗ ಒಬ್ಬ ಮನೆಯಲ್ಲಿದ್ದರಂತೂ ವಿಚಾರಣೆಯೇ ಬೇಡ. ತೀರ್ಪು ಅವನಿಗಾಗಿ ಕಾದೇ ಇರುತ್ತದೆ.

ಎರಡನೆಯ ಸಂಗತಿ. ರೈಲು ನಿಂತ ಜಾಗವೇ ದೋಷವಿರುವ ಜಾಗ ಎಂದೇನೂ ಇಲ್ಲ. ಎಷ್ಟೋ ಸಲ ರೈಲು ಪೆಟ್ಟಿಗೆಯ ಹತ್ತಿರ ಚೆನ್ನಾಗಿಯೇ ಓಡಿ, ದೂರದ ತಿರುವಿಗೆ ಹೋದಾಗ ಏದುಸಿರು ಬಿಡುತ್ತಾ ನಿಂತುಬಿಡುತ್ತದೆ. ಆ ತಿರುವಿನಲ್ಲಿ ಏನೂ ದೋಷವಿರುವುದಿಲ್ಲ. ದಾರಿಯಲ್ಲಿನ ಪ್ರತಿಯೊಂದು ಸಡಿಲ ಜೋಡಣೆಯೂ ಸ್ವಲ್ಪ ಸ್ವಲ್ಪ ವಿದ್ಯುತ್ತನ್ನು ತಡೆಹಿಡಿದು, ಕೊನೆಗೆ ಅಲ್ಲಿಗೆ ತಲಪುವಾಗ ಶಕ್ತಿಯೇ ಉಳಿದಿರುವುದಿಲ್ಲ. ಗಣಿತದಲ್ಲಿ ಹಿಂದೆ ಬಿದ್ದ ಎಂಟನೆಯ ತರಗತಿಯ ಹುಡುಗಿಯನ್ನು ನೆನೆಯಿರಿ. ಅವಳು ನಿಂತದ್ದು ಎಂಟನೆಯ ತರಗತಿಯಲ್ಲಿ. ಆದರೆ ಜೋಡಣೆ ಸಡಿಲವಾದದ್ದು ನಾಲ್ಕನೆಯ ತರಗತಿಯ ಭಾಗಾಕಾರದಲ್ಲಿರಬಹುದು. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳಲು ಅವಳು ಶಾಲೆ ಬಿಟ್ಟ ಆ ಎರಡು ತಿಂಗಳಲ್ಲಿರಬಹುದು. "ಸೋಮಾರಿ" ಎಂದು ಬೈದರೆ ನಾವು ತಿರುವಿನಲ್ಲಿ ನಿಂತ ಎಂಜಿನ್ನಿಗೆ ಹೊಡೆದಂತೆ.

ಮೂರನೆಯದು, ಕೊಳೆ ತೆಗೆಯುವ ವಿಧಾನ. ಲೋಹದ ಹಳಿಯ ಮೇಲೆ ಕಪ್ಪು ಪದರ ಕಟ್ಟಿದರೆ ಕೆಲವರು ಉಪ್ಪುಕಾಗದ ತೆಗೆದುಕೊಂಡು ಉಜ್ಜಿಬಿಡುತ್ತಾರೆ. ಆ ಕ್ಷಣಕ್ಕೆ ಹಳಿ ಥಳಥಳ ಹೊಳೆಯುತ್ತದೆ, ರೈಲೂ ಓಡುತ್ತದೆ. ಆದರೆ ಉಜ್ಜಿದ ಗೀರುಗಳಲ್ಲಿ ಕೊಳೆ ಮೊದಲಿಗಿಂತ ಬೇಗ ಕೂರುತ್ತದೆ. ಬಲ್ಲವರು ಮೆತ್ತನೆಯ ಬಟ್ಟೆಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸುತ್ತಾರೆ. ಮಕ್ಕಳ ತಪ್ಪನ್ನು ತಿದ್ದುವಾಗ ನಮ್ಮ ಕೈಯಲ್ಲಿ ಇರುವುದು ಇವೆರಡರಲ್ಲಿ ಯಾವುದು ಎಂದು ನಾವೇ ನೋಡಿಕೊಳ್ಳಬೇಕು.

ಈಗ 'ಯಾರು' ಎಂಬ ಪ್ರಶ್ನೆಯ ನಿಜವಾದ ನಷ್ಟಕ್ಕೆ ಬರೋಣ. ರೈಲು ಏಕೆ ನಿಂತಿತು ಎಂಬುದನ್ನು ತಿಳಿಯಲು ಎಲ್ಲಕ್ಕಿಂತ ಹತ್ತಿರದ ದಾರಿ ಯಾವುದು? ಬಲ್ಬೂ ಅಲ್ಲ, ತಂತಿಯೂ ಅಲ್ಲ. ಅದನ್ನು ಕೊನೆಯದಾಗಿ ಆಡಿಸಿದ ಮಗುವಿನ ಮಾತು. "ಅದರ ಮೇಲೆ ನೀರು ಚೆಲ್ಲಿತು", "ನಾನು ಗೊತ್ತಾಗದೆ ತುಳಿದೆ", "ತಂಗಿ ಗೊಂಬೆಯನ್ನು ಡಬ್ಬಿಯಲ್ಲಿ ಕೂರಿಸಿ ಒತ್ತಿ ಹಿಡಿದಳು". ಇಷ್ಟು ಹೇಳಿದರೆ ಎರಡು ಗಂಟೆಯ ಕೆಲಸ ಎರಡು ನಿಮಿಷದ್ದಾಗುತ್ತದೆ. ಆದರೆ "ಯಾರು ಕೆಡಿಸೀರಿ?" ಎಂದು ಗದರಿದ ಮರುಕ್ಷಣ ಆ ಬಾಯಿ ಮುಚ್ಚಿಕೊಳ್ಳುತ್ತದೆ. ದೋಷ ಎಲ್ಲಿದೆ ಎಂದು ಬಲ್ಲ ಒಬ್ಬನೇ ಸಾಕ್ಷಿಯನ್ನು ನಾವೇ ಆರೋಪಿಯನ್ನಾಗಿ ಮಾಡಿ ಕಳೆದುಕೊಂಡೆವು.

ಇವತ್ತು ಅದು ಬರೀ ಆಟಿಕೆ. ನಾಳೆ? ಕೈಬದಲು ತೆಗೆದುಕೊಂಡ ದುಡ್ಡು ತೀರಿಸಲಾಗದೆ ಒದ್ದಾಡುವ ಮಗ, ಪರೀಕ್ಷೆಯಲ್ಲಿ ನಪಾಸಾದ ಫಲಿತಾಂಶವನ್ನು ಚೀಲದಲ್ಲಿ ಅಡಗಿಸಿಟ್ಟ ಮಗಳು, ಗೊತ್ತಿರುವ ದೊಡ್ಡವರೇ ಕೆಟ್ಟದಾಗಿ ನಡೆದುಕೊಂಡರೆಂದು ಯಾರಿಗೂ ಹೇಳಲಾರದ ಮಗು — ಇವರೆಲ್ಲ ಮೊದಲು ಯೋಚಿಸುವುದು, "ಮನೆಯಲ್ಲಿ ಹೇಳಿದರೆ ಏನಾಗುತ್ತದೆ?" ಎಂದೇ. ಅದಕ್ಕೆ ಉತ್ತರ ಅವರಿಗೆ ಚಿಕ್ಕಂದಿನಲ್ಲೇ ಸಿಕ್ಕಿರುತ್ತದೆ. ಆಟಿಕೆ ನಿಂತ ದಿನ ಅಪ್ಪ ಏನು ಕೇಳಿದ್ದ, ಅಮ್ಮ ಏನು ಕೇಳಿದ್ದಳು ಎಂಬ ನೆನಪೇ ಆ ಉತ್ತರ. ಆಟಿಕೆ ಒಡೆದಾಗ ಹೇಳಲು ಹೆದರಿದ ಮಗು ಬದುಕಿನಲ್ಲಿ ಏನಾದರೂ ಒಡೆದಾಗ ಯಾರ ಹತ್ತಿರ ಹೋಗಬೇಕು?

ಇಲ್ಲಿ ನಿಮ್ಮಲ್ಲಿ ಕೆಲವರು ಆಕ್ಷೇಪಿಸಬಹುದು. "ಹಾಗಾದರೆ ಯಾರಿಗೂ ಹೊಣೆಯೇ ಬೇಡವೇ? ಅಣ್ಣನ ಮೇಲಿನ ಹೊಟ್ಟೆಕಿಚ್ಚಿನಿಂದ ತಮ್ಮ ಬೇಕೆಂದೇ ತುಳಿದಿದ್ದರೆ? ಅವನನ್ನೂ ಸುಮ್ಮನೆ ಬಿಡಬೇಕೇ?" ಇದು ನ್ಯಾಯವಾದ ಪ್ರಶ್ನೆ. ತಪ್ಪಿಗೆ ಹೆಸರೇ ಇಲ್ಲದ ಮನೆಯಲ್ಲಿ ಮಕ್ಕಳು ಒಳ್ಳೆಯವರಾಗಿ ಬೆಳೆಯುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಾನು ಕೇಳುವುದು ಸರದಿಯನ್ನು ಮಾತ್ರ. ಮೊದಲು ಎಲ್ಲಿ, ಆಮೇಲೆ ಹೇಗೆ, ಕೊನೆಗೆ ಯಾರು.

ದೊಡ್ಡ ರೈಲಿನ ಲೋಕವನ್ನು ನೋಡಿ. ಭೀಕರ ಅಪಘಾತವಾದಾಗ ಅದರ ಶಾಸನಬದ್ಧ ತನಿಖೆ ಮಾಡುವವರು ರೈಲ್ವೆ ಸುರಕ್ಷತಾ ಆಯುಕ್ತರು. ಈ ಆಯೋಗ ರೈಲ್ವೆ ಸಚಿವಾಲಯದ ಕೈಕೆಳಗೆ ಇಲ್ಲ. ನಾಗರಿಕ ವಿಮಾನಯಾನ ಸಚಿವಾಲಯದ ಅಡಿಯಲ್ಲಿದೆ. 1941ರಲ್ಲೇ ಈ ತಪಾಸಣಾ ವಿಭಾಗವನ್ನು ರೈಲ್ವೆ ಮಂಡಳಿಯಿಂದ ಬೇರ್ಪಡಿಸಲಾಯಿತು. ರೈಲು ಓಡಿಸುವವರೇ ಅದರ ದೋಷದ ತೀರ್ಪುಗಾರರಾದರೆ ಸತ್ಯ ಮುಚ್ಚಿಹೋದೀತು ಎಂಬ ಎಚ್ಚರ ಇದರ ಹಿಂದಿದೆ. ಆ ತನಿಖೆಯಲ್ಲಿ ಹೊಣೆ ಯಾರದೆಂದೂ ಹೇಳುತ್ತಾರೆ, ಸಂಶಯವಿಲ್ಲ. ಆದರೆ ಅದಕ್ಕೆ ಮುಂಚೆ ಹಳಿ, ಗಾಲಿ, ಸಿಗ್ನಲ್ಲು, ಕಡತ ಎಲ್ಲವನ್ನೂ ನೋಡಿ ಕಾರಣವನ್ನು ಹುಡುಕುತ್ತಾರೆ. ಮತ್ತು ಹೀಗೆ ಮತ್ತೊಮ್ಮೆ ಆಗದಂತೆ ಏನು ಮಾಡಬೇಕೆಂದು ಶಿಫಾರಸು ಮಾಡುತ್ತಾರೆ. ಮನೆಯ ವಿಚಾರಣೆಯಲ್ಲಿ ತಂದೆಯೇ ಪೊಲೀಸು, ತಂದೆಯೇ ವಕೀಲ, ತಂದೆಯೇ ನ್ಯಾಯಾಧೀಶ. ಕೆಲವೊಮ್ಮೆ ಸೆಲ್ಲನ್ನು ತಲೆಕೆಳಗಾಗಿ ಹಾಕಿದವನೂ ತಂದೆಯೇ! ಆದ್ದರಿಂದ ನಮಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು.

ಹಳಿಯ ಮೇಲೆ ದುಡಿಯುವ ಇನ್ನೊಬ್ಬರನ್ನೂ ಇಲ್ಲಿ ನೆನೆಯಬೇಕು. ರೈಲು ಹಳಿಯ ಪಕ್ಕದಲ್ಲಿ ಸುತ್ತಿಗೆ, ಸ್ಪ್ಯಾನರು, ಬಾವುಟ ಹಿಡಿದು ನಡೆಯುವ ಕೀಮ್ಯಾನನ್ನು ನೀವು ನೋಡಿರುತ್ತೀರಿ. ತನಗೆ ಒಪ್ಪಿಸಿದ ಅಷ್ಟು ದೂರವನ್ನು ಅವನು ದಿನವೂ ಕಾಲ್ನಡಿಗೆಯಲ್ಲಿ ನೋಡಿಕೊಂಡು ಹೋಗುತ್ತಾನೆ. ಸಡಿಲವಾದ ಬೋಲ್ಟನ್ನು ಬಿಗಿಮಾಡುತ್ತಾನೆ, ಕಳಚಿದ ಹಿಡಿಕೆಯನ್ನು ಕೂರಿಸುತ್ತಾನೆ. ಬೋಲ್ಟು ಸಡಿಲಾದದ್ದು ಯಾರಿಂದ ಎಂದು ಅವನು ಜಗಳಕ್ಕೆ ನಿಲ್ಲುವುದಿಲ್ಲ. ಬಿಸಿಲಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು, ಭಾರಕ್ಕೆ ಅದುರುವುದು ಹಳಿಯ ಸ್ವಭಾವ ಎಂದು ಅವನಿಗೆ ಗೊತ್ತು. ಬೀದರ್ ಜಿಲ್ಲೆಯ ಬೇಸಿಗೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕುಟುಂಬದಲ್ಲೂ ಕೆಲವು ಸಡಿಲುಗಳು ಯಾರ ದುಷ್ಟತನದಿಂದಲೂ ಬಂದವಲ್ಲ. ಕಾಲದ ಬಿಸಿಲು, ಕೆಲಸದ ಭಾರ ಅವಕ್ಕೆ ಕಾರಣ. ಅವನ್ನು ದಿನವೂ ನೋಡಿ ಬಿಗಿಮಾಡಿಕೊಂಡರೆ ಸಾಕು.

ಇನ್ನು ಬೇಕೆಂದೇ ತುಳಿದ ತಮ್ಮನ ವಿಷಯ. ಅವನಿಗೆ ಕೊಡಬಹುದಾದ ಅತ್ಯುತ್ತಮ ಶಿಕ್ಷೆ, ರಿಪೇರಿಗೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು. ಸ್ಕ್ರೂಗಳನ್ನು ತಟ್ಟೆಯಲ್ಲಿ ಜೋಪಾನವಾಗಿ ಹಿಡಿದುಕೊಂಡಿರು ಎನ್ನಿ. ಟಾರ್ಚು ಬಿಡು ಎನ್ನಿ. ಒಡೆದ ಹಲ್ಲುಚಕ್ರವನ್ನು ಅವನ ಅಂಗೈ ಮೇಲೆ ಇಟ್ಟು ತೋರಿಸಿ. ಒಂದು ವಸ್ತುವನ್ನು ಕೆಡಿಸಲು ಒಂದು ಕ್ಷಣ, ಸರಿಪಡಿಸಲು ಒಂದು ಸಂಜೆ ಎಂಬುದು ಅವನಿಗೆ ಬೆತ್ತವಿಲ್ಲದೆ ತಿಳಿಯುತ್ತದೆ. ತಾನು ಕೆಡಿಸಿದ್ದನ್ನು ತಾನೇ ಮುಂದೆ ನಿಂತು ಸರಿಪಡಿಸುವುದಕ್ಕಿಂತ ದೊಡ್ಡ ಹೊಣೆಗಾರಿಕೆ ಯಾವುದಿದೆ? ಎಲ್ಲ ಮುಗಿದ ಮೇಲೆ ಅಣ್ಣನ ಮುಖ ನೋಡಿ "ನಾನೇ ತುಳಿದೆ" ಎಂದು ಅವನು ತಾನಾಗಿಯೇ ಹೇಳಿದರೆ, 'ಯಾರು' ಎಂಬ ಪ್ರಶ್ನೆಗೆ ಗದರಿಸಿ ಪಡೆದ ಉತ್ತರಕ್ಕಿಂತ ಅದು ಎಷ್ಟೋ ಬೆಲೆಯುಳ್ಳದ್ದು.

ಇನ್ನೊಂದು ಮಾತೂ ಕೇಳಿಬರುತ್ತದೆ. "ನೂರೋ ಇನ್ನೂರೋ ರೂಪಾಯಿಯ ಆಟಿಕೆ. ಎರಡು ಗಂಟೆ ಕೂತು ಹುಡುಕುವ ಬದಲು ಹೊಸದು ತಂದರಾಯಿತಲ್ಲ?" ದುಡ್ಡಿನ ಲೆಕ್ಕದಲ್ಲಿ ಇದು ಸರಿಯೇ ಇರಬಹುದು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ ತನ್ನ ಮಕ್ಕಳಿಗಾಗಿ ತೂತು ಕೊರೆದ ಲೋಹದ ಪಟ್ಟಿಗಳನ್ನು ಮಾಡಿ, 1901ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಮುಂದೆ ಅದು ಮೆಕ್ಯಾನೋ ಎಂದು ಹೆಸರಾಯಿತು. 1920ರಲ್ಲಿ ಅವನು ಹೊರತಂದ ಮೊದಲ ಆಟದ ರೈಲುಗಳು ಕೀಲಿ ಕೊಟ್ಟು ಓಡಿಸುವಂಥವು. ಅವನ್ನೂ ನಟ್ಟು ಬೋಲ್ಟುಗಳಿಂದಲೇ ಜೋಡಿಸಿದ್ದ. ಬಿಚ್ಚಿ ನೋಡಬಹುದು, ಮತ್ತೆ ಕೂಡಿಸಬಹುದು. ಇಂದಿನ ಅಗ್ಗದ ಆಟಿಕೆಗಳಲ್ಲಿ ಎಷ್ಟೋ ಅಂಟು ಹಾಕಿ ಮುಚ್ಚಿದವು. ತೆರೆಯಬೇಡ, ಬಿಸಾಡು ಎಂದು ಅವು ಹೇಳಿಕೊಡುತ್ತವೆ. ಈ ಪಾಠ ಆಟಿಕೆಗೇ ಮುಗಿಯುತ್ತದೆಯೇ? ಕೆಟ್ಟದ್ದನ್ನೆಲ್ಲ ಬದಲಿಸಿ ಅಭ್ಯಾಸವಾದವರಿಗೆ ಹಳಸಿದ ಸ್ನೇಹವನ್ನು, ಮುನಿಸಿಕೊಂಡ ಸಂಬಂಧವನ್ನು ಕೂತು ಸರಿಪಡಿಸುವ ವ್ಯವಧಾನ ಎಲ್ಲಿಂದ ಬರಬೇಕು? ಆ ಎರಡು ಗಂಟೆ ನಾವು ಕೊಡುವುದು ರೈಲಿಗಲ್ಲ, ಪಕ್ಕದಲ್ಲಿ ಕೂತು ನೋಡುತ್ತಿರುವ ಮಗುವಿಗೆ.

ಹಾಗೆಂದು ಎಲ್ಲವೂ ಸರಿಹೋಗುತ್ತದೆ ಎಂದು ಸುಳ್ಳು ಹೇಳಬಾರದು. ಮೋಟಾರಿನ ತಂತಿ ಸುಟ್ಟುಹೋಗಿದ್ದರೆ, ಹಲ್ಲುಚಕ್ರದ ಬದಲಿ ಎಲ್ಲೂ ಸಿಗದಿದ್ದರೆ, ಆ ರೈಲು ಇನ್ನು ತಾನಾಗಿ ಓಡುವುದಿಲ್ಲ. ಅದನ್ನು ಮಗುವಿಗೆ ನೇರವಾಗಿ ಹೇಳಿ. "ಎಲ್ಲ ನೋಡಿದೆವು, ದೋಷ ಇಲ್ಲಿದೆ, ಇದನ್ನು ನಮ್ಮಿಂದ ಸರಿಪಡಿಸಲು ಆಗುವುದಿಲ್ಲ" ಎಂದು ಜಾಗ ತೋರಿಸಿ ಹೇಳಿದರೆ ಮಕ್ಕಳು ಒಪ್ಪಿಕೊಳ್ಳುತ್ತಾರೆ. ರಾತ್ರೋರಾತ್ರಿ ಕಸದ ಬುಟ್ಟಿಗೆ ಹಾಕಿ "ಎಲ್ಲಿ ಹೋಯಿತೋ" ಎಂದರೆ ಒಪ್ಪಿಕೊಳ್ಳುವುದಿಲ್ಲ. ಕೈಯಿಂದ ನೂಕಿದರೂ ರೈಲು ರೈಲೇ. ಚನ್ನಪಟ್ಟಣದ ಮರದ ರೈಲನ್ನು ಮಕ್ಕಳು ಸೆಲ್ಲಿಲ್ಲದೆಯೇ ಮನೆಯೆಲ್ಲ ಓಡಿಸುವುದಿಲ್ಲವೇ?

ಆದ್ದರಿಂದ, ಓದುಗರೇ, ಮುಂದಿನ ಸಲ ನಿಮ್ಮ ಮನೆಯಲ್ಲಿ ಏನಾದರೂ ನಿಂತರೆ ಒಂದು ಕ್ಷಣ ತಡೆಯಿರಿ. ಅದು ಆಟದ ರೈಲಾಗಿರಬಹುದು, ಮಿಕ್ಸಿಯಾಗಿರಬಹುದು, ಇಬ್ಬರ ನಡುವಿನ ಮಾತುಕತೆಯೇ ಆಗಿರಬಹುದು. ನಾಲಗೆಯ ತುದಿಗೆ ಬಂದ 'ಯಾರು' ಎಂಬ ಪದವನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಸರಿಸಿ. ನೆಲದ ಮೇಲೆ ಮಗುವಿನ ಸಮಕ್ಕೆ ಕುಳಿತುಕೊಳ್ಳಿ. "ಏನಾಯಿತು ಹೇಳು, ಎಲ್ಲಿ ಕೆಟ್ಟದ ನೋಡೋಣ" ಎನ್ನಿ. ಸುಲಭವಾದದ್ದನ್ನು ಮೊದಲು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಇಲ್ಲವಾದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ. ಪರೀಕ್ಷೆ ಹೇಳಿದ್ದನ್ನು ನಂಬಿ, ಅದು ನಿಮ್ಮ ಮೊದಲ ಅನುಮಾನವನ್ನು ಸುಳ್ಳು ಮಾಡಿದರೂ ಸರಿಯೇ. ರೈಲು ಓಡಿದರೆ ಸಂತೋಷ. ಓಡದಿದ್ದರೂ, ಏನಾದರೂ ಕೆಟ್ಟರೆ ಬಂದು ಹೇಳಬಹುದಾದ ಮನೆ ಇದು ಎಂದು ಆ ಮಗುವಿಗೆ ಆವತ್ತು ತಿಳಿದಿರುತ್ತದೆ.